ಅವ್ವ ಹಿಡಿದ ಸೀಟು

ಮದ್ದೂರು ಸ್ಟೇಷನ್ನಿನಲ್ಲಿ ನಮ್ಮವ್ವ ರೈಲು ಹತ್ತುವುದನ್ನು ನೋಡಬೇಕು. ಗಾಡಿ ಇನ್ನೂ ಸರಿಯಾಗಿ ನಿಂತಿರುವುದಿಲ್ಲ, ಅಷ್ಟರಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಳಿಯುವವರ ಕಂಕುಳಡಿಯಲ್ಲೇ ನುಗ್ಗಿ, ಸೀಟಿನ ಮೇಲೆ ಟವೆಲ್ಲು ಹಾಸಿ ಆಗಿರುತ್ತದೆ. ಟವೆಲ್ಲು ಬಿದ್ದ ಜಾಗ ನಮ್ಮದು. ಅದನ್ನು ಎತ್ತಿ ಕೂರುವ ಗಂಡಸು ಮಂಡ್ಯ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ನಾನು ಚೀಲ ಹೊತ್ತು ನಿಧಾನವಾಗಿ ಹತ್ತಿದರಾಯಿತು.

ಹೋದ ವರ್ಷ ಇಲಾಖೆಯ ತರಬೇತಿಗೆಂದು ದೆಹಲಿಗೆ ಹೊರಟಾಗ ಅವ್ವನನ್ನೂ ಕರೆದುಕೊಂಡು ಹೋದೆ. ಮಾದಪ್ಪನ ಬೆಟ್ಟ ದಾಟಿ ಹೋದವಳಲ್ಲ. ಅಲ್ಲಿ ಇಳಿದಾಗಿನಿಂದ ಮಗಳಾದ ನನಗೆ ಒಂದೇ ಪ್ರಶ್ನೆ: "ಈ ಊರು ಎಲ್ಲಿಗಮ್ಮಿ ಮುಗೀತದೆ?" ನನಗೇನು ಗೊತ್ತು? ಮಂಡ್ಯದಲ್ಲಾದರೆ ಊರಂಚಿನ ಗುತ್ತಲು ದಾಟಿ ಒಂದಿಷ್ಟು ಹೋದರೆ ಕಬ್ಬಿನ ಗದ್ದೆ ಸಿಗುತ್ತದೆ, ಊರು ಮುಗಿಯಿತೆಂದು ಯಾರೂ ಹೇಳಬೇಕಾಗಿಲ್ಲ. ಇಲ್ಲಿ ಎಷ್ಟು ಹೋದರೂ ಮನೆ, ಮನೆಯ ಹಿಂದೆ ಮನೆ.

ತರಬೇತಿ ಮುಗಿದ ಮಾರನೆಯ ದಿನ ಕೆಂಪುಕೋಟೆ ತೋರಿಸೋಣವೆಂದು ಮೆಟ್ರೊ ನಿಲ್ದಾಣಕ್ಕೆ ಹೋದೆವು. ಆ ಜನಜಂಗುಳಿ ಕಂಡು ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅವ್ವ ಮಾತ್ರ ಹುರುಪಾದಳು. ರೈಲು ತಾನೇ, ಅವಳಿಗೆ ಗೊತ್ತಿದ್ದ ವಿದ್ಯೆ.

"ನೀನು ಇಂದ್ಗಡೆ ಬಾ ಅಮ್ಮಿ, ನಾನು ಸೀಟು ಇಡೀತೀನಿ" ಎಂದವಳೇ ನುಗ್ಗಿದಳು.

ನಾನು ತಲುಪುವಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತು. ಗಾಜಿನಾಚೆ ಅವ್ವ ಟವೆಲ್ಲು ಹಾಸಿ, ಅದರ ಮೇಲೆ ತಟ್ಟಿ, ಬಾ ಬಾ ಎಂದು ನಗುತ್ತಾ ಕರೆಯುತ್ತಿದ್ದಳು. ರೈಲು ಹೊರಟೇಹೋಯಿತು.

ಅವಳ ಹತ್ತಿರ ಫೋನಿಲ್ಲ. ಹಿಂದಿ ಬಾರದು. ನಾವು ಉಳಿದುಕೊಂಡಿದ್ದ ಹೋಟೆಲಿನ ಹೆಸರೂ ಗೊತ್ತಿಲ್ಲ. ನಮ್ಮ ಕಡೆಯಾದರೆ ಯಲಿಯೂರು ಸ್ಟೇಷನ್ನಿನಲ್ಲಿ ತಪ್ಪಿ ಇಳಿದು ಕಕ್ಕಾಬಿಕ್ಕಿಯಾಗಿ ನಿಂತರೆ ಸಾಕು, "ಯಾರ ಮನೆಯೋಳವ್ವ ನೀನು?" ಎಂದು ಯಾರಾದರೂ ಕೇಳಿ, ನಾಲ್ಕು ಮಾತು ಬೈದು, ಕಾಫಿ ಕುಡಿಸಿ, ಬೈಕಿನ ಹಿಂದೆ ಕೂರಿಸಿಕೊಂಡು ಮನೆಗೇ ತಂದುಬಿಡುತ್ತಾರೆ. ಇಲ್ಲಿ ಕೇಳುವವರು ಯಾರು? ಆ ಊರಿನ ಮೇಲೆ ನನಗೆ ಕೆಟ್ಟ ಕೋಪ ಬಂತು. ಕೋಪಕ್ಕಿಂತ ಹೆಚ್ಚು ಭಯವಾಯಿತು.

ಅಲ್ಲಿದ್ದ ಸೆಕ್ಯುರಿಟಿಯವನಿಗೆ ನನ್ನ ಹರಕುಮುರುಕು ಹಿಂದಿಯಲ್ಲಿ ಹೇಳಿದೆ. ಅವನು ವೈರ್‌ಲೆಸ್ಸಿನಲ್ಲಿ ಏನೋ ಮಾತಾಡಿ, ಅವರು ಎಲ್ಲಿ ಇಳಿಯಬಹುದು ಎಂದು ನನ್ನನ್ನೇ ಕೇಳಿದ. ಮುಂದಿನ ರೈಲು ಹತ್ತಿದೆ. ಬಾಗಿಲು ತೆರೆದಲ್ಲೆಲ್ಲ ತಲೆ ಹೊರಹಾಕಿ "ಅವ್ವಾ" ಎಂದು ಕೂಗಿದೆ. ಜನ ಮೊಬೈಲಿನಿಂದ ಕಣ್ಣೆತ್ತಿ ನೋಡಿ, ಮತ್ತೆ ತಲೆ ತಗ್ಗಿಸಿದರು. ಕೂಗುವುದು ಬಿಟ್ಟು ನನಗೆ ಬೇರೇನೂ ತೋಚಲಿಲ್ಲ.

ಕೊನೆಯ ನಿಲ್ದಾಣದಲ್ಲಿ, ಮಹಿಳಾ ಪೊಲೀಸೊಬ್ಬರ ಪಕ್ಕ, ಬೆಂಚಿನ ತುದಿಯಲ್ಲಿ ಮುದುಡಿ ಕೂತಿದ್ದಳು. ಓಡಿಹೋಗಿ ತಬ್ಬಿಕೊಂಡು ಅತ್ತೆ. ಬೈಯುತ್ತಾಳೆ ಎಂದುಕೊಂಡೆ, ಬೈದರೆ ಸಾಕು ಎಂದು ಕಾದೆ. ಊರಿನಲ್ಲಿ ಬಸ್ಸು ನಿಲ್ಲಿಸದ ಡ್ರೈವರನ ಜನ್ಮ ಜಾಲಾಡುವ ಬಾಯಿ ಅದು. ಅವ್ವ ಬೈಯದೆ ನನ್ನ ಕೈ ಹಿಡಿದುಕೊಂಡು ಎದ್ದಳು.

ಕೋಟೆಯ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ. ಹೋಟೆಲಿಗೆ ವಾಪಸು ಬಂದೆವು. ಮಂಚದ ಅಂಚಿನಲ್ಲಿ ಕೂತ ಅವ್ವ ಮೇಜಿನ ಮೇಲಿದ್ದ ಬಾಟಲಿಯನ್ನೇ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಒಸಿ ನೀರು ಕುಡೀಲಾ ಅಮ್ಮಿ?"

ಬದುಕಿಡೀ ಯಾರ ಅಪ್ಪಣೆಯನ್ನೂ ಕೇಳದವಳು ನನ್ನ ಮುಖ ನೋಡುತ್ತಾ ಕಾದಳು.