ನಿಲ್ಲದೆ ನಾಲ್ಕು ಕಿಲೋಮೀಟರ್

ನಮ್ಮ ಹಿರೇಕೊಡಿಗೆ ಕಡೆ ರಸ್ತೆಯಲ್ಲಿ ಹೆಂಗಸೊಬ್ಬಳು ಓಡುತ್ತಿದ್ದರೆ ಅದಕ್ಕೆ ಎರಡೇ ಅರ್ಥ. ಬಸ್ಸು ತಪ್ಪುತ್ತಿದೆ, ಇಲ್ಲವೇ ಮನೆಯಲ್ಲಿ ಯಾರಿಗೋ ಹೆಚ್ಚುಕಮ್ಮಿಯಾಗಿದೆ. ಸುಮ್ಮನೆ ಓಡುವುದೆಂಬ ಮೂರನೆಯ ಅರ್ಥವನ್ನು ಐವತ್ತೊಂದನೆಯ ವಯಸ್ಸಿನಲ್ಲಿ ನಾನು ಸೇರಿಸಲು ಹೊರಟರೆ ಊರು ಒಪ್ಪಬೇಕಲ್ಲ.

ಮೊದಲ ದಿನ ಅರ್ಧ ಕಿಲೋಮೀಟರ್ ಹೋಗುವಷ್ಟರಲ್ಲಿ ಪರಿಚಯದವರೊಬ್ಬರು ಬೈಕ್ ನಿಲ್ಲಿಸಿದರು. "ಹತ್ತಿ ಮಾರಾಯ್ರೆ, ಬಸ್ ಹೋಗಿಯಾಯ್ತು." ಬೇಡವೆಂದರೆ ಬೇಜಾರು ಮಾಡಿಕೊಳ್ಳುತ್ತಾರೆಂದು ಹತ್ತಿದೆ. ದಾಕ್ಷಿಣ್ಯಕ್ಕೆ ಬಸಿರಾದವಳ ಕಥೆ. ಕೊಪ್ಪದಲ್ಲಿ ಇಳಿದು, ಮಾಡಲು ಕೆಲಸವಿಲ್ಲದೆ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಕೊಂಡು ಮುಂದಿನ ಬಸ್ಸಿಗೆ ವಾಪಸು ಬಂದೆ.

ಎರಡನೆಯ ದಿನ, ನಮ್ಮ ಕಡೆ ಜೀಪು ಇರುವ ಒಂದೇ ಮನೆಯವರು ನಾನು ಓಡುವುದನ್ನು ಕಂಡರು. ಏನೂ ಕೇಳದೆ ಜೀಪು ತಿರುಗಿಸಿ ಸೀದಾ ನಮ್ಮ ಮನೆಗೆ ಹೋದರು. ನಾನು ವಾಪಸು ಬಂದಾಗ ಅಂಗಳದಲ್ಲಿ ನಾಲ್ಕು ಜನ. ಜಗಲಿಯಲ್ಲಿ ಕೂತ ಅತ್ತೆ, "ನಂಗೆ ಎಂತದೂ ಆಗಿಲ್ಲ ಅಂತ ಎಷ್ಟು ಸಲ ಹೇಳೂದು?" ಎಂದು ಅವರನ್ನು ಗದರುತ್ತಿದ್ದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಜೀಪಿನವರದು ತಪ್ಪೂ ಅಲ್ಲ. ಹಿಂದಿನ ವರ್ಷ ನಾನು ಅವರ ಗೇಟಿನವರೆಗೆ ಓಡಿದ್ದು ಅವರಿಗೆ ನೆನಪಿತ್ತು.

ಅವತ್ತು ನನ್ನ ಗಂಡ ಎದೆ ಹಿಡಿದುಕೊಂಡು ಅಡುಗೆಮನೆಯಲ್ಲಿ ಕುಸಿದಿದ್ದರು. ಎರಡು ದಿನದಿಂದ ಕರೆಂಟ್ ಇರಲಿಲ್ಲ, ಮೊಬೈಲಿಗೆ ಟವರ್ ಇರಲಿಲ್ಲ. ಅವರನ್ನು ಅತ್ತೆಯ ಬಳಿ ಬಿಟ್ಟು ನಾಲ್ಕು ಕಿಲೋಮೀಟರ್ ದೂರದ ಜೀಪಿನ ಮನೆಗೆ ಓಡಿದೆ. ಕೊಪ್ಪದಲ್ಲಿ ಕಾಲೇಜಿಗೆ ಹೋಗುವಾಗ ಐದು ಸಾವಿರ ಮೀಟರ್ ಓಟದಲ್ಲಿ ನನ್ನದೇ ಮೊದಲ ಹೆಸರು. ನನ್ನ ಗಂಡ ನನ್ನನ್ನು ಮೊದಲು ನೋಡಿದ್ದೂ ಆ ಮೈದಾನದಲ್ಲೇ. ಮದುವೆಯಾದ ಮೇಲೆ ಒಂದು ದಿನವೂ ಓಡಿರಲಿಲ್ಲ. ಅರ್ಧ ದಾರಿಯ ಏರಿನಲ್ಲಿ ಉಸಿರು ಕಟ್ಟಿತು, ಕಾಲು ಸೋತಿತು. ಮೋರಿಕಟ್ಟೆಯ ಮೇಲೆ ಕೂತುಬಿಟ್ಟೆ. ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ಜೀಪು ನಮ್ಮ ಮನೆ ಮುಟ್ಟುವಾಗ ಅವರ ಜೀವ ಹೋಗಿತ್ತು.

ಬೇಗ ಬಂದಿದ್ದರೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಅವರ ಮಾತನ್ನು ನಂಬಿದೆ. ನನ್ನ ಕಾಲುಗಳನ್ನು ಮಾತ್ರ ಕ್ಷಮಿಸಲಾಗಲಿಲ್ಲ. ಒಂದೇ ಒಂದು ಸಲ ಆ ನಾಲ್ಕು ಕಿಲೋಮೀಟರನ್ನು ನಿಲ್ಲದೆ ಓಡಬೇಕು ಎಂದುಕೊಂಡೆ. ಕೇಳಿದವರಿಗೆಲ್ಲ ಶುಗರ್‌ಗೆ ಒಳ್ಳೆಯದು ಅಂದೆ.

ಏಳು ತಿಂಗಳು ಹಿಡಿಯಿತು. ಮಂಡಿ ಊದಿತು, ಇಳಿಯಿತು. ಬೈಕಿನವರು "ಹತ್ತಿ" ಎನ್ನುವುದನ್ನು ಬಿಟ್ಟು "ಇವತ್ತು ಎಲ್ಲಿವರೆಗೆ?" ಎನ್ನತೊಡಗಿದರು. ಕಳೆದ ವೈಶಾಖದಲ್ಲಿ ಒಂದು ಬೆಳಿಗ್ಗೆ ಮೋರಿಯನ್ನು ದಾಟಿ, ಏರು ಹತ್ತಿ, ಜೀಪಿನವರ ಗೇಟು ಮುಟ್ಟಿದೆ. ಖುಷಿಯಾಗುತ್ತದೆ ಅಂದುಕೊಂಡಿದ್ದೆ. ಗೇಟು ಹಿಡಿದುಕೊಂಡು ಅತ್ತುಬಿಟ್ಟೆ. ಸಾಧ್ಯವಿತ್ತು ಎಂದು ಗೊತ್ತಾದ ಮೇಲೆ ಸಂಕಟ ಇನ್ನೂ ಹೆಚ್ಚಾಯಿತು.

ಮನೆಗೆ ಬಂದಾಗ ಅತ್ತೆ ಹಲಸಿನ ಬೀಜ ಸುಲಿಯುತ್ತಿದ್ದರು. "ಇವತ್ತು ಎಲ್ಲೂ ನಿಲ್ಲಲಿಲ್ಲ" ಎಂದೆ.

"ನೀ ಯಾವತ್ತು ನಿಂತಿದ್ದೆ?" ಎಂದರು ಅತ್ತೆ, ತಲೆಯೆತ್ತದೆ. "ಅವತ್ತು ಅವನೂ ಅದೇ ಹೇಳಿದ. ಅವ್ಳೆಲ್ಲಿ ಅಂತ ಕೇಳ್ದ. ಜೀಪಿಗೆ ಓಡಿದಾಳೆ ಅಂದೆ. 'ಹಂಗಾರೆ ಬಂದೇ ಬರ್ತಾಳೆ. ಓಡಕ್ಕೆ ಹೊರಟ್ರೆ ಅವ್ಳು ನಿಲ್ಲೋಳಲ್ಲ' ಅಂದ. ಆಮೇಲೆ ಬಾಗಿಲ ಕಡೆನೇ ನೋಡ್ತಾ ಇದ್ದ."

ನಾನು ಅವರ ಪಕ್ಕದಲ್ಲಿ ಕೂತು ಬೀಜ ಸುಲಿಯಲು ಕೈಹಾಕಿದೆ. ಅವತ್ತು ದಾರಿಯಲ್ಲಿ ಕೂತಿದ್ದೆನೆಂದು ಅತ್ತೆಗೆ ಇನ್ನೂ ಹೇಳಿಲ್ಲ.