ಅತ್ತೆಯ ಬೆನ್ನಿಗೆ ಬಂದ ದೈವ

ಕಳೆದ ವರ್ಷ ಮಳೆ ಹಿಡಿಯುವ ಮೊದಲು ನನ್ನ ಮಗಳು ಧನ್ಯಳ ಎಡಗಾಲು ಸಂಜೆಯಾದರೆ ಒಳಗೆ ತಿರುಚಲು ಶುರುವಾಯಿತು. ಬೆಳಿಗ್ಗೆ ಓಡಿ ಹೋಗಿ ಶಾಲೆಯ ಬಸ್ಸು ಹಿಡಿಯುವ ಮಗು, ದೀಪ ಹಚ್ಚುವ ಹೊತ್ತಿಗೆ ಗೋಡೆ ಹಿಡಿದು ನಡೆಯುತ್ತಿತ್ತು, ಮೈ ನಡುಗುತ್ತಿತ್ತು. ಬೇರೆ ಮನೆಯವರಾದರೆ ಆಗಲೇ ಡಾಕ್ಟರಲ್ಲಿಗೆ ಓಡುತ್ತಿದ್ದರು. ನಮ್ಮಲ್ಲಿ ಹಾಗಾಗಲಿಲ್ಲ. ಯಾಕೆಂದು ಹೇಳುತ್ತೇನೆ, ದೈವವನ್ನು ನಂಬಿದವರು ಓದಲೆಂದೇ ಬರೆಯುತ್ತಿದ್ದೇನೆ.

ನಮ್ಮ ಮನೆ ಸಂಪಾಜೆಯ ಹತ್ತಿರ. ನನ್ನ ಅತ್ತೆ ದೇವಕಿ ಕಡಬ ಕಡೆಯವರು. ಅವರು ಮದುವೆಯಾಗಿ ಬರುವಾಗ ತವರಿನ ದೈವವೂ ಬೆನ್ನಿಗೆ ಬಂದಿದೆ ಎಂದು ಜೋಯಿಸರು ಇಟ್ಟ ಪ್ರಶ್ನೆಯಲ್ಲಿ ಕಂಡಿತಂತೆ. ಹೆಣ್ಣಿನ ಬೆನ್ನು ಹಿಡಿದು ಬಂದ ದೈವಕ್ಕೆ ಗಂಡನ ಮನೆಯಲ್ಲಿ ಜಾಗ ಕೊಡುವುದು ನಮ್ಮ ಕಡೆಯ ಕ್ರಮ. ಹಿರಿಯರು ಅಂಗಳದಾಚೆ ಗುಡಿ ಕಟ್ಟಿ ನಂಬಿದರು. ಅತ್ತೆಗೂ ಚಿಕ್ಕಂದಿನಿಂದಲೇ ಸಂಜೆಯಾದರೆ ಕಾಲು ತಿರುಚಿ ಮೈ ನಡುಗುತ್ತಿತ್ತು. ಅವರ ತಾಯಿಗೂ ಹಾಗೇ ಇತ್ತಂತೆ. ದೈವವೇ ಮೈಮೇಲೆ ಬರುವುದೆಂದು ಎಲ್ಲರ ನಂಬಿಕೆ. ಆ ಹೊತ್ತಿಗೆ ಅವರನ್ನು ಮಣೆಯಲ್ಲಿ ಕೂರಿಸಿ ಕೈಮುಗಿಯುತ್ತಿದ್ದರು. ಹಾಗಾಗಿ ಈ ಮನೆಗೆ ಬಂದಂದಿನಿಂದ ಅತ್ತೆ ಒಂದು ಸಂಜೆಯೂ ಆ ಗುಡಿಗೆ ಕೈಯಾರೆ ದೀಪ ಇಟ್ಟವರಲ್ಲ.

"ಅಜ್ಜಿಯ ನಂತರ ಪುಳ್ಳಿಗೆ ಬಂತು ಮಾರಾಯ್ರೆ!" ಎಂದು ದೊಡ್ಡಮಾವ, ಅಂದರೆ ನನ್ನ ಮಾವನ ಅಣ್ಣ, ಹಿಗ್ಗಿದರು. ನನಗೆ ಮೈಯೆಲ್ಲ ಉರಿಯಿತು. ನೋವೆಂದು ಅಳುವ ಮಗುವಿಗೆ ಕೈಮುಗಿಯುವುದೆಂದರೆ ಎಂತ?

ಯಾರನ್ನೂ ಕೇಳದೆ ಅವಳನ್ನು ಪುತ್ತೂರಿಗೆ ಕರೆದುಕೊಂಡು ಹೋದೆ. ಮಕ್ಕಳ ಡಾಕ್ಟರು, "ಬೆಳಿಗ್ಗೆ ಸರಿ ಇರ್ತಾಳಾ? ಮನೆಯಲ್ಲಿ ಬೇರೆ ಯಾರಿಗಾದ್ರೂ ಹೀಗೆ ಉಂಟಾ?" ಎಂದು ಕೇಳಿದರು. ಅತ್ತೆಯ ವಿಷಯ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು, ಮಂಗಳೂರಿನ ನರದ ಡಾಕ್ಟರಲ್ಲಿಗೆ ಕಳಿಸಿದರು. ಆ ಡಾಕ್ಟರಮ್ಮ ಬಿಡಿಸಿ ಹೇಳಿದರು: "ಇದು ವಂಶದಲ್ಲಿ ಇಳಿದು ಬರುವ ಕಾಯಿಲೆ ಇರಬಹುದು, ನಡುವೆ ಒಬ್ಬರಿಗೆ ಕಾಣದೆಯೂ ಇರ್ತದೆ. ಹೌದಾದ್ರೆ ಒಳ್ಳೆ ಮಾತ್ರೆ ಉಂಟು. ಆದ್ರೆ ಮಗುವಿಗೆ ವರ್ಷಗಟ್ಟಲೆ ಕೊಡುವ ಮೊದಲು ಖಚಿತ ಆಗ್ಬೇಕು. ಅಜ್ಜಿಗೆ ಚಿಕ್ಕಂದಿನಿಂದ ಉಂಟಲ್ಲ, ಮೊದಲು ಅವರ ರಕ್ತದ ಜೀನ್ ಪರೀಕ್ಷೆ ಮಾಡುವ."

ಮನೆಯಲ್ಲಿ ಹೇಳಿದ್ದೇ ತಡ, ದೊಡ್ಡಮಾವ ಹಾರಿಬಿದ್ದರು. "ದೈವವನ್ನು ಸೂಜಿಯಲ್ಲಿ ಎಳೆದು ಸೀಸೆಗೆ ತುಂಬಿಸುದಾ? ಈ ಸೊಸೆಗೆ ತಲೆ ಸರಿ ಉಂಟಾ?" ನನ್ನ ಯಜಮಾನರು ಎದ್ದು ತೋಟಕ್ಕೆ ಹೋದರು. ಅತ್ತೆಯ ಕಾಲು ಹಿಡಿಯುವುದೊಂದು ಬಾಕಿ. ಅವರು, "ನನ್ನನ್ನು ಬಿಡು ಮಗಾ. ಈ ಮನೆಯಲ್ಲಿ ನನಗೆ ಮರ್ಯಾದೆ ಅಂತ ಇದ್ರೆ ಅದೊಂದೇ," ಎಂದು ಮುಖ ತಿರುಗಿಸಿದರು. ಅಷ್ಟು ದುಃಖ ನನಗೆ ಯಾವತ್ತೂ ಆಗಿರಲಿಲ್ಲ. ಗುಡಿಯೆದುರು ನಿಂತು ದೈವಕ್ಕೆ ಬೈದೆ ಎಂದರೂ ಸರಿ: "ಇದು ನೀನೇ ಆದರೆ ನನ್ನ ಮಗುವನ್ನು ಬಿಡು. ನೀನಲ್ಲದಿದ್ದರೆ ಅತ್ತೆಯ ಮನಸ್ಸನ್ನು ತಿರುಗಿಸು. ಎರಡರಲ್ಲಿ ಒಂದು ಮಾಡದೆ ಸುಮ್ಮನಿರಬೇಡ."

ಸೋಣ ತಿಂಗಳ ತಂಬಿಲದ ದಿನ, ಅಂದರೆ ಮನೆಯ ದೈವಕ್ಕೆ ವರ್ಷದ ಸೇವೆ ಕೊಡುವ ದಿನ ಬಂತು. ದೈವಕ್ಕೆ ಬಡಿಸಿ ಆಗುವಾಗ ಸಂಜೆಯಾಗಿತ್ತು. ದೊಡ್ಡಮಾವ ಅತ್ತೆಯ ಪಕ್ಕಕ್ಕೆ ಇನ್ನೊಂದು ಮಣೆ ಹಾಕಿಸಿ ಧನ್ಯಳನ್ನು ಕೂರಿಸಿದರು. ಕಾಲು ತಿರುಚಿತು. ಕುಟುಂಬದವರೆಲ್ಲ ಕೈಮುಗಿದರು. "ಅಜ್ಜೀ, ನೋವಾಗ್ತದೆ," ಎಂದು ಮಗು ಅತ್ತಿತು.

ಅತ್ತೆ ನಡುಗುತ್ತಲೇ ಗೋಡೆ ಹಿಡಿದು ಎದ್ದರು.

"ಕೈ ಇಳಿಸಿ! ನನಗೂ ಹೀಗೇ ನೋವಾಗುದು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ದೈವ ನನ್ನ ಬೆನ್ನಿಗೆ ಬಂದದ್ದು ಹೌದು. ಕಾಯಿಲೆಯೂ ನನ್ನ ಬೆನ್ನಿಗೇ ಬಂದಿರ್ಬಹುದು. ಎರಡನ್ನೂ ಒಂದು ಮಾಡ್ಬೇಡಿ. ನಮ್ಮ ದೈವ ಮಕ್ಕಳ ಕಾಲು ತಿರುಚುದಿಲ್ಲ. ನಾಳೆ ನಾನು ರಕ್ತ ಕೊಡ್ಲಿಕ್ಕೆ ಹೋಗ್ತೇನೆ."

ದೊಡ್ಡಮಾವನ ಕೈ ಮುಗಿದಲ್ಲೇ ನಿಂತಿತ್ತು. "ಇದು ದೈವದ ನುಡಿಯಾ, ದೇವಕಿಯ ಮಾತಾ?" ಎಂದು ಮೆಲ್ಲಗೆ ಕೇಳಿದರು.

"ಯಾರದ್ದಾದ್ರೂ ಆಗ್ಲಿ ಭಾವ, ಬೆಳಿಗ್ಗೆಯ ಬಸ್ಸು ತಪ್ಪುದು ಬೇಡ."

ಮರುದಿನ ಸುಳ್ಯ, ಪುತ್ತೂರು ದಾಟಿ ಮಂಗಳೂರಿಗೆ ಹೋಗಿ ಅತ್ತೆ ಕಣ್ಣು ಮಿಟುಕಿಸದೆ ರಕ್ತ ಕೊಟ್ಟರು. ವಾಪಸು ಬರುವಾಗ ಕುಂಬ್ರದ ಹತ್ತಿರ ಹೊತ್ತು ಕಂತಿತು, ಬಸ್ಸಿನಲ್ಲೇ ಅವರ ಕಾಲು ತಿರುಚಿತು. ನಮ್ಮೂರಿನ ಹೆಂಗಸೊಬ್ಬಳು ಗುರುತು ಹಿಡಿದು ಸೀಟಿನಿಂದೆದ್ದು ಕೈಮುಗಿದಳು. ಅತ್ತೆ ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದರು: "ಕೈ ಮುಗಿಯುದು ಬೇಡ ಮಾರಾಯ್ತಿ, ಇದು ಕಾಯಿಲೆ. ರಕ್ತ ಕೊಟ್ಟು ಬಂದದ್ದು. ನೀನು ಸ್ವಲ್ಪ ಆಚೆ ಸರಿ, ನಾನು ಕಾಲು ನೀಡ್ತೇನೆ." ಇಂಥವರ ಸೊಸೆ ನಾನು ಎಂದು ಎದೆಯುಬ್ಬಿತು.

ವರದಿ ಬರಲು ವಾರಗಟ್ಟಲೆ ಹಿಡಿಯಿತು. ಡಾಕ್ಟರಮ್ಮ ಹೇಳಿದ ಕಾಯಿಲೆಯೇ ಹೌದು. ಆಮೇಲೆ ಧನ್ಯಳ ರಕ್ತದಲ್ಲೂ ಅದೇ ಸಿಕ್ಕಿತು. ಅಜ್ಜಿಗೂ ಪುಳ್ಳಿಗೂ ಒಂದೇ ಜಾತಿಯ ಚಿಕ್ಕ ಮಾತ್ರೆ. ಕೆಲವೇ ದಿನಗಳಲ್ಲಿ ನನ್ನ ಮಗಳು ಸಂಜೆಯೂ ಅಂಗಳದಲ್ಲಿ ಕುಂಟಾಬಿಲ್ಲೆ ಆಡಿದಳು. ನಾನು ಒಳಗೆ ಹೋಗಿ ಮನಸಾರೆ ಅತ್ತುಬಿಟ್ಟೆ. ಮಾತ್ರೆ ಕೊಟ್ಟದ್ದು ಡಾಕ್ಟರು, ಅದರಲ್ಲಿ ಸಂಶಯವಿಲ್ಲ. ಆದರೆ ಎಂದೂ ದನಿಯೆತ್ತದ ಅತ್ತೆಯನ್ನು ಆ ಸಂಜೆ ಮಣೆಯಿಂದ ಎಬ್ಬಿಸಿದ್ದು ಯಾರು? ನನಗೆ ಗೊತ್ತುಂಟು. ಮೊದಲು ಹೆದರಿ ನಂಬುತ್ತಿದ್ದೆ, ಈಗ ಧೈರ್ಯದಿಂದ ನಂಬುತ್ತೇನೆ.

ಆ ವಾರವೇ ಒಂದು ಸಂಜೆ ಎಂದಿನಂತೆ ಎಣ್ಣೆ ಹಿಡಿದು ಗುಡಿಗೆ ಹೊರಟಿದ್ದೆ. ಅತ್ತೆ, "ಇಲ್ಲಿ ಕೊಡು," ಎಂದು ತೆಗೆದುಕೊಂಡರು. ಬೆಂಕಿಪೆಟ್ಟಿಗೆ ಹಿಡಿದು ಧನ್ಯ ಮುಂದೆ ಓಡಿದಳು. ಅತ್ತೆ ಅಂಗಳ ದಾಟಿ ದೀಪ ಹಚ್ಚಿ ನೆಟ್ಟಗೆ ನಿಂತರು. ಜಗಲಿಯಲ್ಲಿದ್ದ ದೊಡ್ಡಮಾವ ಎದ್ದು ಕೈಮುಗಿದರು.

"ಈಗ ಯಾರಿಗೆ ಮುಗಿಯುದು ಭಾವ?" ಎಂದು ಅತ್ತೆ ನಕ್ಕರು.

"ಗುಡಿಗೆ ಮಾರಾಯ್ತಿ, ಗುಡಿಗೆ!"

ನಾನು ದೈವಕ್ಕೂ ಅತ್ತೆಗೂ, ಇಬ್ಬರಿಗೂ ಮುಗಿದೆ.