ಮಂಗಳವಾರದ ಬಸ್ಸಿಗೆ ಬರುತ್ತಿದ್ದ ಭಾಯಿ

ಆ ಮಂಗಳವಾರವೂ ಭಾಯಿ ಗುಂಡ್ಲುಪೇಟೆಯಿಂದ ಬೆಳಗಿನ ಬಸ್ಸಿಗೇ ಬಂದರು. ಗ್ರೀಸ್ ಹತ್ತಿದ ಬೆರಳು ಕೀಬೋರ್ಡಿಗೆ ತಾಗದಿರಲೆಂದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನನ್ನ ಕುರ್ಚಿಯ ಪಕ್ಕ ನಿಂತರು.

ತೊಂಬತ್ತರ ದಶಕದ ಕೊನೆ. ಚಾಮರಾಜನಗರದ ಪಂಪ್‌ಸೆಟ್ ಅಂಗಡಿಯಲ್ಲಿ ಗಿರಾಕಿಗಳ ವಿವರವನ್ನು ಕಂಪ್ಯೂಟರಿನಲ್ಲಿ ಇಟ್ಟು ನೋಡಿಕೊಳ್ಳುವ ಕೆಲಸ ನನ್ನದು. ಯಾರದು ಯಾವ ಮೋಟರು, ಸರ್ವೀಸ್ ಯಾವಾಗ, ಯಾರಿಗೆ ಕಾಗದ ಹಾಕಬೇಕು, ಎಲ್ಲ ಅದರಲ್ಲಿತ್ತು. ಭಾಯಿ ನಮ್ಮ ಗುಂಡ್ಲುಪೇಟೆ ಶಾಖೆಯ ಮೆಕ್ಯಾನಿಕ್. ಎರಡೂ ತಾಲ್ಲೂಕಿನ ಬಾವಿಗಳಿಗೆ ಇಳಿದು ಹತ್ತಿದವರು.

ಸೇರಿದ ಹೊಸತರಲ್ಲಿ ನಾನೊಂದು ತಪ್ಪು ಮಾಡಿದ್ದೆ. ಉಡಿಗಾಲ ಎಂಬ ಊರಿನ ಪಟ್ಟಿಯಲ್ಲಿ ಒಂದೇ ಹೆಸರು, ಅಪ್ಪನ ಹೆಸರೂ ಅದೇ, ಮೂರು ಸಲ ಬಂದಿತ್ತು. ಒಬ್ಬನನ್ನೇ ಮೂರು ಸಲ ಹತ್ತಿಸಿದ್ದಾರೆಂದು ಎರಡನ್ನು ಅಳಿಸಿದೆ. ಊರೂರಿಗೂ ಹಾಗೇ ಮಾಡಿದೆ. ಮೊದಲು ವಿವರ ಬರೆದಿಡುತ್ತಿದ್ದ ಹಳೆಯ ಕಾರ್ಡುಗಳು ಆಗಲೇ ರದ್ದಿಗೆ ಹೋಗಿದ್ದವು. ಅವರೆಲ್ಲ ಬೇರೆಬೇರೆ ಜನ ಎಂದು ಗೊತ್ತಾದಾಗ ಕೆಲಸ ಹೋಯಿತೆಂದೇ ತಿಳಿದೆ.

ಭಾಯಿಗೆ ಹೇಳಿದೆ. ಅವರು ನಕ್ಕರು. "ದೇವ್ರ ಹೆಸ್ರ ಮನ್ಮನೆಗೂ ಇಟ್ಟವ್ರೆ ಕಣಮ್ಮಿ. ಯಜಮಾನ್ರಿಗೆ ನೀನೇನೂ ಯೋಳ್ಬ್ಯಾಡ. ಮಂಗ್ಳವಾರ ಬತ್ತೀನಿ, ಬರ್ಕೊಳನ."

ಅವತ್ತಿನಿಂದ ವಾರಕ್ಕೊಂದು ಊರು. ಕಣ್ಣು ಮುಚ್ಚಿಕೊಂಡು ಮನಸ್ಸಿನಲ್ಲೇ ಬಾವಿಯಿಂದ ಬಾವಿಗೆ ನಡೆಯುವರು.

"ಹುಣಸೆಮರದ ಬಾವಿಯವ್ನು. ಐದು ಎಚ್‌ಪಿ. ಬೈದ್ರೇನೇ ತಿರುಗೋದು."

"ಯಾರು ಬೈಬೇಕು ಭಾಯಿ?"

"ಅವ್ನ ಎಂಡ್ತಿ. ಅವ್ಳಿಗೆ ಅವ್ನೂ ಎದರ್ತಾನೆ, ಮೋಟ್ರೂ ಎದರ್ತದೆ."

ಷರಾ ಕಾಲಂನಲ್ಲಿ 'ಹುಣಸೆಮರದ ಬಾವಿ' ಎಂದು ಬರೆದೆ. ಹೀಗೆ ಒಂದೇ ಹೆಸರಿನವರು ಬೇರೆಬೇರೆಯಾದರು.

ಆ ಮಂಗಳವಾರ ಉಡಿಗಾಲ ಮುಗಿಯಿತು. ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರು ಕಡೆ ಮಾತ್ರ ಉಳಿಯಿತು. ಟೀ ಕುಡಿದು ಲೋಟ ಇಡುತ್ತಾ, "ಅದ್ನೂ ಬರೋ ವಾರ ಮುಗಿಸ್ಬುಡನ" ಎಂದು ಹೊರಟರು. ಗುರುವಾರ ಅಂಗಡಿಗೆ ಫೋನು ಬಂತು. ಬೆಳಿಗ್ಗೆ ಮನೆಯಲ್ಲೇ ಎದೆನೋವು ಬಂದು ಭಾಯಿ ಹೋಗಿಬಿಟ್ಟಿದ್ದರು.

ತಿಂಗಳಾದ ಮೇಲೆ ಮನಸ್ಸು ತಡೆಯದೆ ಅಂಗಡಿ ಯಜಮಾನರ ಮುಂದೆ ತಪ್ಪೊಪ್ಪಿಕೊಂಡೆ. ಅವರು ಕನ್ನಡಕ ತೆಗೆದಿಟ್ಟರು. "ಭಾಯಿ ಆಗ್ಲೇ ಹೇಳಿದ್ರಮ್ಮ. ಹುಡುಗೀನ ತೆಗೀಬೇಡಿ, ನಾನು ತುಂಬಿಸಿ ಕೊಡ್ತೀನಿ ಅಂದಿದ್ರು."

ಆ ಕೆಲಸದಿಂದಲೇ ನನ್ನ ತಂಗಿಯರು ಓದಿದರು. ಈಗಲೂ ಊಟಕ್ಕೆ ಕೂತಾಗ ಭಾಯಿಯನ್ನು ನೆನೆಯುತ್ತೇನೆ.

ಮದ್ದೂರು ಕಡೆಯವರು ಅಂಗಡಿಗೆ ಬಂದಾಗ ಒಬ್ಬೊಬ್ಬರನ್ನೇ ಕೇಳಿ ಬರೆದುಕೊಂಡೆ. ನಾನು ಅಳಿಸಿದವರಲ್ಲಿ ಬಾರದೆ ಉಳಿದವರು ಪಟ್ಟಿಯಲ್ಲಿ ಇಲ್ಲ. ಅವರು ಎಷ್ಟು ಜನ ಎಂಬುದೂ ನನಗೆ ಗೊತ್ತಿಲ್ಲ.